ಅಜ್ಜನ ಮನೆ, ಎರಡನೇ ಸಲ

ಸರ್ವರ್ ಎಂದರೆ ಬಡಿಸುವವ. ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಊಟಕ್ಕೆ ಕೂತವರು ನೂರು ಜನ. ಯಾರ ಎಲೆಗೆ ಸಾರು ಬಂತು, ಯಾರಿಗೆ ಪಾಯಸ ಬೇಕು ಎಂದು ನೋಡುತ್ತ ಓಡಾಡುವವರು ನಾಲ್ಕೇ ಜನ. ಕಂಪ್ಯೂಟರ್ ಲೋಕದಲ್ಲಿ ಆ ಕೆಲಸ ಮಾಡುವ ಯಂತ್ರವೇ ಸರ್ವರ್. ರೈಲಿನ ಟಿಕೆಟ್, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ನಿಮ್ಮ ಮೊಬೈಲಿಗೆ ಬಡಿಸುವುದು ಅದು. ಅಂಥ ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಉದ್ಯೋಗ. ಎಲ್ಲವೂ ಸರಿಯಿದ್ದಾಗ ನಾನೊಬ್ಬ ಇದ್ದೇನೆಂದೇ ಯಾರಿಗೂ ಗೊತ್ತಾಗುವುದಿಲ್ಲ!

ಈ ವಾರ ಕಚೇರಿಯ ದೊಡ್ಡ ಸರ್ವರ್‌ಗಳ ಮಾತು ಬೇಡ. ಅಕ್ಕನ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಕೂತಿರುವ ಹಳೇ ಕಂಪ್ಯೂಟರಿನ ಕಥೆ ಹೇಳುತ್ತೇನೆ. ಅದರಲ್ಲಿ ಓಡುವುದು ಮೈನ್‌ಕ್ರಾಫ್ಟ್ ಆಟದ ಸರ್ವರ್.

ಮಕ್ಕಳಿಗೆ ಗೊತ್ತೇ ಇದೆ, ಅಜ್ಜ ಅಜ್ಜಿಯರಿಗಾಗಿ ಎರಡು ಮಾತು. ಇದು ಸ್ವೀಡನ್ ದೇಶದಲ್ಲಿ ಹುಟ್ಟಿದ ಆಟ. 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂತು. ಮಣ್ಣು, ಮರ, ನೀರು, ಬೆಟ್ಟ ಎಲ್ಲವೂ ಚೌಕದ ಇಟ್ಟಿಗೆಗಳು. ಒಂದೊಂದೂ ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಒಡೆಯಬಹುದು, ಜೋಡಿಸಬಹುದು, ಮನೆ ಕಟ್ಟಬಹುದು. ನಾಲ್ಕು ಮಕ್ಕಳು ಒಟ್ಟಿಗೆ ಆಡಬೇಕಾದರೆ ಯಾರು ಯಾವ ಇಟ್ಟಿಗೆ ಎಲ್ಲಿಟ್ಟರು ಎಂಬ ಲೆಕ್ಕ ಒಂದೇ ಕಡೆ ಇರಬೇಕಲ್ಲ? ಆ ಲೆಕ್ಕ ಇಡುವುದು ಸರ್ವರ್. ಅದು ಸೆಕೆಂಡಿಗೆ 20 ಸಲ ಇಡೀ ಆಟವನ್ನು ಒಂದೊಂದು ಹೆಜ್ಜೆ ಮುಂದಕ್ಕೆ ನಡೆಸುತ್ತದೆ. ಒಂದು ಹೆಜ್ಜೆಯ ಕೆಲಸ 50 ಮಿಲಿಸೆಕೆಂಡಿನಲ್ಲಿ ಮುಗಿಯದಿದ್ದರೆ ಆಟ ತಡವರಿಸುತ್ತದೆ. ಮಕ್ಕಳು 'ಲ್ಯಾಗ್ ಆಗ್ತಿದೆ' ಎಂದು ಕಿರುಚುವುದು ಆಗಲೇ. (ಎಲ್ಲ ಲ್ಯಾಗಿಗೂ ಸರ್ವರೇ ಕಾರಣ ಅಲ್ಲ. ಮಹಡಿ ಕೋಣೆಗೆ ವೈಫೈ ಸರಿಯಾಗಿ ತಲುಪದಿದ್ದರೂ ಬೈಗುಳ ತಿನ್ನುವುದು ಮಾತ್ರ ಸರ್ವರ್.)

ಅಕ್ಕನ ಮಕ್ಕಳು ಮೊದಲು ಕೋಟೆ, ಕೊತ್ತಲ ಅಂತ ಏನೇನೋ ಕಟ್ಟುತ್ತಿದ್ದರು. ಒಂದು ದಿನ ಅವರ ಅಜ್ಜ, ಅಂದರೆ ಅಕ್ಕನ ಮಾವ, ಹಿಂದೆ ನಿಂತು ನೋಡಿ, "ನಮ್ಮ ಮನೆ ಕಟ್ಟೂಕೆ ಆಗ್ತದಾ ಇದ್ರಲ್ಲಿ?" ಎಂದು ಕೇಳಿದರಂತೆ. ಅವರು ಹುಟ್ಟಿದ ಮನೆ ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಮನೆಯದೊಂದು ಫೋಟೋ ಕೂಡ ಇಲ್ಲ. ಇರುವುದು ಅವರ ತಲೆಯೊಳಗೆ ಮಾತ್ರ.

ಅಲ್ಲಿಂದ ಶುರುವಾಯಿತು ನೋಡಿ. ಅವರು ಹೇಳುವುದು ಮಾರು, ಮೊಳದ ಲೆಕ್ಕ, ಮಕ್ಕಳದು ಮೀಟರ್. ಎರಡು ಮೊಳಕ್ಕೆ ಹತ್ತಿರ ಹತ್ತಿರ ಒಂದು ಇಟ್ಟಿಗೆ ಎಂದು ಅವರವರೇ ಗೊತ್ತುಮಾಡಿಕೊಂಡರು. ಆರು ಮಾರಿನ ಜಗುಲಿಗೆ 11 ಇಟ್ಟಿಗೆ. ಅಂಗಳ, ತುಳಸಿಕಟ್ಟೆ, ಬಚ್ಚಲುಮನೆ, ಬಾವಿ, ಹಿಂದೆ ಅಡಿಕೆ ತೋಟ. ಆಟದಲ್ಲಿ ಅಡಿಕೆ ಮರ ಇಲ್ಲ. ಉದ್ದನೆಯ ಕಂಬದ ಮೇಲೆ ನಾಲ್ಕು ಎಲೆ ಅಂಟಿಸಿದರು. ಎರಡು ತಿಂಗಳು ದಿನಾ ಸಂಜೆ ಇದೇ ಕೆಲಸ.

ಒಂದು ಶನಿವಾರ ಸಂಜೆ ಫೋನು ಬಂತು. "ಮಾಮ, ಅಜ್ಜನ ಮನೆ ಹೋಯ್ತು." ಹಿಂದೆ ಚಿಕ್ಕವಳ ಅಳು. ಫೋನನ್ನು ಕಂಪ್ಯೂಟರ್ ಹತ್ತಿರ ಹಿಡಿಯಿರಿ ಎಂದೆ. ಟಕ್, ಟಕ್, ಟಕ್. ಹಾರ್ಡ್ ಡಿಸ್ಕ್ ಸಾಯುವ ಸದ್ದು ಅದು. ಅದರೊಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ಎಷ್ಟೇ ಒಳ್ಳೆಯ ಡಿಸ್ಕ್ ಆದರೂ ಒಂದು ದಿನ ಹೋಗುವುದೇ. ಯಾವತ್ತು ಎಂದು ಮಾತ್ರ ಅದು ಹೇಳುವುದಿಲ್ಲ.

ನನ್ನ ಉದ್ಯೋಗದವರಿಗೆ ಒಂದು ಚಟ ಇರುತ್ತದೆ. ಯಾವುದನ್ನೂ ಒಂದೇ ಕಡೆ ಬಿಡುವುದಿಲ್ಲ. ದಿನಾ ರಾತ್ರಿ 2 ಗಂಟೆಗೆ ಆ ಊರಿನದೊಂದು ನಕಲು ಇನ್ನೊಂದು ಡಿಸ್ಕಿಗೆ ತಾನಾಗಿ ಹೋಗುವಂತೆ ಮಾಡಿಟ್ಟಿದ್ದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ನಕಲು ಆಗುತ್ತಿರುವಾಗಲೇ ಆಟ ಬರೆಯುತ್ತಿದ್ದರೆ ಅರ್ಧ ಹಳತು, ಅರ್ಧ ಹೊಸತು ಬೆರೆತುಹೋಗುತ್ತದೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಅಲುಗಾಡಿದ ಹುಡುಗನ ಮುಖದ ಹಾಗೆ. ಅದಕ್ಕೇ ಮೊದಲು 'ಸೇವ್ ಆಫ್' ಎಂದು ಹೇಳಿ ಆಟದ ಬರವಣಿಗೆ ನಿಲ್ಲಿಸಬೇಕು, ಬಾಕಿ ಇದ್ದದ್ದನ್ನು 'ಸೇವ್ ಆಲ್' ಎಂದು ಬರೆಸಬೇಕು, ನಕಲು ಮುಗಿದ ಮೇಲೆ 'ಸೇವ್ ಆನ್'.

ಭಾನುವಾರ ಹೊಸ ಡಿಸ್ಕ್ ಹಾಕಿದೆ, ನಕಲು ಇಳಿಸಿದೆ. ಮನೆ ಇತ್ತು. ಶನಿವಾರ ಇಡೀ ದಿನ ಕೂತು ಕಟ್ಟಿದ್ದ ಕೊಟ್ಟಿಗೆ ಮಾತ್ರ ಇರಲಿಲ್ಲ. ಮಕ್ಕಳ ಮುಖ ಬಾಡಿತು. ಅಜ್ಜ, "ಹೋಗಿದ್ದೇ ಒಳ್ಳೇದಾಯ್ತು ಮಾರಾಯ. ಬಾಗಿಲು ಪೂರ್ವಕ್ಕೆ ಇಟ್ಟಿದ್ರು, ನಮ್ಮ ಕೊಟ್ಟಿಗೆ ಬಾಗಿಲು ಇದ್ದದ್ದು ಉತ್ತರಕ್ಕೆ" ಎಂದರು.

ದೊಡ್ಡವರ ಮನೆಯಲ್ಲೂ ಇಂಥದ್ದು ಆಗಿದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ 2' ಸಿನಿಮಾ ತಯಾರಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ಆಜ್ಞೆಗೆ ಸಿನಿಮಾದ ಬಹುಪಾಲು ಸರ್ವರ್‌ನಿಂದ ಅಳಿಸಿಹೋಯಿತು. ನಕಲು ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ! ಕಾಪಾಡಿದ್ದು ಗೇಲಿನ್ ಸುಸ್ಮನ್ ಎಂಬ ಉದ್ಯೋಗಿ. ಮಗು ಚಿಕ್ಕದೆಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು.

ಹಾಗಾಗಿ ನಮ್ಮವರಲ್ಲಿ ಮೂರು ಪ್ರತಿಯ ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಬೇರೆ ಮನೆಯಲ್ಲಿ. ನಿಮ್ಮ ಮೊಬೈಲಿನಲ್ಲಿರುವ ಮೊಮ್ಮಕ್ಕಳ ಫೋಟೋಗಳಿಗೂ ಇದೇ ಸಾಕು. ನಕಲು ಮಾಡಿಟ್ಟು ಸುಮ್ಮನಾಗದೆ, ಹಬ್ಬಕ್ಕೊಮ್ಮೆ ತೆರೆದು ನೋಡಿ, ಫೋಟೋ ಕಾಣಿಸುತ್ತದೋ ಇಲ್ಲವೋ ಎಂದು. ಮಕ್ಕಳೇ, ಇದು ನಿಮ್ಮ ಪಾಲಿನ ಕೆಲಸ.

ಅಜ್ಜನ ಮನೆಯ ಮೂರನೇ ಪ್ರತಿ ಈಗ ಒಂದು ಪೆನ್‌ಡ್ರೈವ್‌ನಲ್ಲಿದೆ. ಸಾಗರದಲ್ಲಿರುವ ಅವರ ತಂಗಿಯ ಮನೆಯ ಟ್ರಂಕಿನಲ್ಲಿ, ಮುಳುಗಿದ ಜಮೀನಿನ ಹಳೇ ಕಾಗದಗಳ ಜೊತೆ ಅದನ್ನು ಇಟ್ಟಿದ್ದಾರೆ. ಮೊನ್ನೆ ಆ ಅಜ್ಜಿ ಮನೆಯ ಚಿತ್ರ ನೋಡಿ, ಬಾವಿ ಇದ್ದದ್ದು ಎಡಕ್ಕಲ್ಲ, ಬಲಕ್ಕೆ ಎಂದಿದ್ದಾರಂತೆ. ಅಣ್ಣ ತಂಗಿಯರ ವಾದ ಇನ್ನೂ ಮುಗಿದಿಲ್ಲ. ಬಾವಿ ಸದ್ಯಕ್ಕೆ ಎಡಗಡೆಯೇ ಇದೆ.