ಮನೆಯೇ ಶಾಲೆಯಾದರೆ ಮೇಷ್ಟ್ರು ಯಾರು?

ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಮಾತು ಬೆಂಗಳೂರಿನಂಥ ಊರಿನಲ್ಲಿ ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ವರ್ಷವರ್ಷ ಏರುವ ಫೀಸು, ಶಾಲಾ ವಾಹನದಲ್ಲಿ ತೂಕಡಿಸುವ ಮಗು, ಮುಗಿಯದ ಟೆಸ್ಟುಗಳು: ಶಾಲೆಯ ಮೇಲಿನ ದೂರುಗಳಲ್ಲಿ ಹುರುಳಿದೆ. ಆದರೆ ಶಾಲೆ ಸರಿಯಿಲ್ಲ ಎಂದ ಮಾತ್ರಕ್ಕೆ ಮನೆ ಸರಿ ಎಂದಾಗುವುದಿಲ್ಲ. ನಮ್ಮ ಚರ್ಚೆ ಮಗು ಮತ್ತು ಶಾಲೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಲಿಸುವವರು ಯಾರು, ಅವರ ಹೊತ್ತು ಎಲ್ಲಿಂದ ಬರಬೇಕು ಎಂಬುದು ಲೆಕ್ಕಕ್ಕೇ ಸಿಗುವುದಿಲ್ಲ. ತೀರ್ಮಾನ ಶುರುವಾಗಬೇಕಾದದ್ದು ಅಲ್ಲಿಂದ.

ಮನೆಶಾಲೆಯ ಪರ ವಾದಿಸುವವರು ಮತ್ತೆ ಮತ್ತೆ ಮುಂದಿಡುವ ಅಧ್ಯಯನವೊಂದಿದೆ. ಅಮೆರಿಕದ ಲಾರೆನ್ಸ್ ರಡ್ನರ್ 1999ರಲ್ಲಿ ಪ್ರಕಟಿಸಿದ ಅದರಲ್ಲಿ, ಮನೆಯಲ್ಲಿ ಕಲಿತ 20,760 ಮಕ್ಕಳು ಶಾಲಾ ಮಕ್ಕಳಿಗಿಂತ ಬಹಳ ಮುಂದಿದ್ದರು. ಆದರೆ ಆ ಪರೀಕ್ಷೆಗೆ ಮಕ್ಕಳ ಹೆಸರು ಬರೆಸಿದವರು ಪೋಷಕರೇ. ಅವರ ವಿದ್ಯೆ, ವರಮಾನ ಎರಡೂ ಅಲ್ಲಿನ ಸರಾಸರಿಗಿಂತ ಮೇಲಿದ್ದವು. ಮನೆಶಾಲೆಯೇ ಮೇಲು ಎಂದು ಇದರಿಂದ ಹೇಳಲಾಗದೆಂದು ರಡ್ನರ್ ಅವರೇ ಎಚ್ಚರಿಸಿದ್ದರು. ಅಂಕಗಳನ್ನು ಕೊಂಡಾಡುವವರು ಬಿಟ್ಟುಬಿಡುವ ಸಾಲು ಇನ್ನೊಂದು: ಆ ತಾಯಂದಿರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಸಂಬಳದ ಕೆಲಸದಲ್ಲಿ ಇರಲಿಲ್ಲ. ಮಕ್ಕಳ ಅಂಕದ ಹಿಂದೆ ದುಡಿಮೆ ಬಿಟ್ಟ ಒಬ್ಬ ಹೆಂಗಸು ನಿಂತಿದ್ದಳು ಎಂದು ಓದಿಕೊಂಡರೆ ತಪ್ಪೇನಿಲ್ಲ.

ನಮ್ಮಲ್ಲಿ ಈ ಭಾರ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಈ ಐದು ಗಂಟೆಯ ಮೇಲೆ ಪಾಠ ಬಂದು ಕೂರುತ್ತದೆ. ಬೆಳಗಿನ ಹತ್ತೂವರೆಗೆ ಭಿನ್ನರಾಶಿ ಹೇಳಿಕೊಡುವಾಗಲೇ ಕುಕ್ಕರ್ ಮೂರನೇ ಸೀಟಿ ಹಾಕುತ್ತದೆ, ಗ್ಯಾಸಿನವನು ಬೆಲ್ ಒತ್ತುತ್ತಾನೆ. ಛೇದ ಎಂದರೇನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಪಕ್ಕದ ಕೋಣೆಯಲ್ಲಿ ಅಪ್ಪ ವರ್ಕ್ ಫ್ರಮ್ ಹೋಮ್‌ನಲ್ಲಿರಬಹುದು, ಆದರೆ ಅವನ ಮೀಟಿಂಗಿಗೆ ಬಾಗಿಲು ಹಾಕಿರುತ್ತದೆ. ಶಾಲೆಯ ಹೋಂವರ್ಕ್ ಕೂಡ ಅಮ್ಮನ ತಲೆಗೇ ಬರುತ್ತದಲ್ಲ ಎನ್ನಬಹುದು. ನಿಜ, ಸಂಜೆ ಎಷ್ಟೋ ಮನೆಗಳಲ್ಲಿ ಎರಡನೇ ಶಾಲೆಯೇ ನಡೆಯುತ್ತದೆ. ಆದರೂ ಶಾಲೆ ಹಗಲಿನ ಐದಾರು ಗಂಟೆಯನ್ನು ಅವಳಿಗೆ ಬಿಟ್ಟುಕೊಡುತ್ತದೆ. ಅವಳ ನೌಕರಿ ನಿಂತಿರುವುದೇ ಆ ಗಂಟೆಗಳ ಮೇಲೆ. ಅವಳೇ ಮನಸಾರೆ ಒಪ್ಪಿದ್ದರೆ? ಒಪ್ಪಲಿ. ಆದರೆ ಕೆಲಸ ಬಿಟ್ಟ ವರ್ಷಗಳ ಸಂಬಳ, ಪಿಎಫ್, ಮತ್ತೆ ನೌಕರಿ ಹುಡುಕುವಾಗಿನ ವಯಸ್ಸು ಇವೆಲ್ಲ ಶಾಲೆಯ ಫೀಸಿನ ಪಕ್ಕದಲ್ಲಿ ಅದೇ ಹಾಳೆಯ ಮೇಲೆ ಬರೆದಿರಲಿ. ಅಪ್ಪನೇ ಕೆಲಸ ಬಿಡುವುದಾದರೂ ಲೆಕ್ಕ ಇದೇ, ಆದರೆ ಆ ಮಾತು ಏಳುವುದು ಎಷ್ಟು ಮನೆಗಳಲ್ಲಿ?

ಮಗು ಜನರೊಂದಿಗೆ ಬೆರೆಯುವುದಿಲ್ಲ ಎಂಬ ಆಕ್ಷೇಪ ನನಗೆ ಅಷ್ಟು ದೊಡ್ಡದೆನಿಸುವುದಿಲ್ಲ. ಬಡಾವಣೆಯ ಮೈದಾನ, ಸಂಗೀತದ ಕ್ಲಾಸು, ಅಜ್ಜಿಯ ಊರು ಇದ್ದೇ ಇವೆ. ಕಾನೂನಿನ ಅಳುಕಿಗೆ ಹೆಚ್ಚು ತೂಕವಿದೆ. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಶಿಕ್ಷೆಯನ್ನು ಮಾತ್ರ ಹೇಳುವುದಿಲ್ಲ. ಈ ಮಸುಕಿನ ನಡುವೆ ಹೆಚ್ಚಿನವರು ನೆಚ್ಚುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯನ್ನು. 14 ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಅದಕ್ಕಿಂತ ಮುಖ್ಯವಾಗಿ ಪೋಷಕರು ಓದಿಕೊಳ್ಳಬೇಕಾದದ್ದು ಅದೇ ಕಾಯ್ದೆಯ 4ನೇ ಸೆಕ್ಷನ್. ಆರು ದಾಟಿಯೂ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎಂದು ಅದು ಹೇಳುತ್ತದೆ. ಅಂದರೆ ಮನೆಶಾಲೆಯನ್ನು ಒಂದು ವರ್ಷಕ್ಕೆಂದು ಶುರುಮಾಡಿ, ಕಲಿಸುವವರು ದಣಿದಾಗ ಸೋತೆವೆಂಬ ನಾಚಿಕೆಯಿಲ್ಲದೆ ಶಾಲೆಯ ಗೇಟಿಗೆ ಮರಳಬಹುದು. ದಣಿವನ್ನು ಹೇಳಿಕೊಳ್ಳುವ ಹಕ್ಕು ಅಮ್ಮನಿಗಿದೆಯೇ ಎಂಬುದನ್ನು ಮನೆಯವರು ಮಾತಾಡಿಕೊಳ್ಳಬೇಕಾದದ್ದು ಟಿಸಿ ತರುವ ಮೊದಲು.