ಐದು ತಾಲ್ಲೂಕುಗಳ ಕಣ್ಣಿನಲ್ಲಿ ಕನ್ನಡ ಚಿತ್ರಗಳು

2021ರಲ್ಲಿ ವಿಜಯನಗರವು ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡಾಗ ಅದಕ್ಕೆ ಸೇರಿದ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಗೆ ಹಂಪೆಯ ಕೀರ್ತಿಯೂ ತುಂಗಭದ್ರೆಯ ಅಣೆಕಟ್ಟಿನ ಆಶ್ರಯವೂ ಮೊದಲಿನಿಂದಲೇ ಇದ್ದುವು. ಉಳಿದ ಐದು, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಾದರೋ ಬಹುಮಟ್ಟಿಗೆ ಮಳೆಯನ್ನೇ ನಂಬಿ ಬಿತ್ತುವ, ಮಳೆ ಕೈಕೊಟ್ಟ ವರ್ಷ ಮಕ್ಕಳುಮರಿಗಳೊಡನೆ ಗುಳೆ ಹೊರಡುವ ಸೀಮೆ. ಈ ಸೀಮೆಯ ಪ್ರೇಕ್ಷಕನು ಇತ್ತೀಚಿನ ಕನ್ನಡ ಚಿತ್ರಗಳನ್ನು ಯಾವ ಮಾನದಂಡದಿಂದ ಅಳೆಯಬೇಕೆಂದು ಕೇಳಿದರೆ ನನ್ನ ಉತ್ತರ ಇಷ್ಟೆ: ತೆರೆಯ ಮೇಲಿನ ಮನುಷ್ಯರು ಏನು ದುಡಿದು ಉಣ್ಣುತ್ತಾರೆ, ಆ ದುಡಿಮೆ ಅವರ ಮಾತನ್ನೂ ಮನಸ್ಸನ್ನೂ ಹೇಗೆ ತಿದ್ದಿದೆ ಎಂಬುದು ಚಿತ್ರದಲ್ಲಿ ನಮಗೆ ಕಾಣುತ್ತದೆಯೆ? ಕಂಡರೆ ಅದರ ಎಷ್ಟೋ ಕುಂದುಗಳನ್ನು ಕ್ಷಮಿಸಬಹುದು. ಕಾಣದಿದ್ದರೆ ಅದರ ವೈಭವವೆಲ್ಲವೂ ನಮ್ಮ ಪಾಲಿಗೆ ವ್ಯರ್ಥ.

ಈ ಮಾನದಂಡವನ್ನು ನಮಗೆ ಒದಗಿಸಿದ ಚಿತ್ರವೂ ಈ ನೆಲದಿಂದಲೇ ಹುಟ್ಟಿದ್ದು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರರು 1994ರಲ್ಲಿ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ, ಗುರು ಕೊಟ್ಟೂರೇಶ್ವರನ ಹೆಸರನ್ನೇ ಹೊತ್ತ ದಲಿತ ಬಾಲಕನೊಬ್ಬ ಪರೀಕ್ಷೆಯಲ್ಲಿ ಮುಂದಾದದ್ದು ಊರಿನ ಬಲಿಷ್ಠರ ಕಣ್ಣಿಗೆ ಹೇಗೆ ಅಪರಾಧವಾಗಿ ತೋರಿತೆಂಬುದನ್ನು ನೋಡಿದವರು ಅದನ್ನು ಮರೆಯಲಾರರು. ಅದಕ್ಕೆ ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಬಾಲಕನಾಗಿ ನಟಿಸಿದ ವಿಜಯ ರಾಘವೇಂದ್ರರಿಗೂ ಬಂತು. ಇದೇ ಲೇಖಕರ ‘ಬೇಲಿ ಮತ್ತು ಹೊಲ’ 1987ರಲ್ಲಿ ‘ಮನ ಮೆಚ್ಚಿದ ಹುಡುಗಿ’ ಎಂಬ ಹೆಸರಿನಿಂದ ತೆರೆಗೆ ಬಂದು ಅಪಾರ ಜನಪ್ರಿಯತೆಯನ್ನು ಗಳಿಸಿತಾದರೂ ಅದರಲ್ಲಿ ಹೊಲ ಹಿಂದೆ ಸರಿದು ಪ್ರಣಯ ಮುಂದೆ ಬಂದಿತ್ತು. ಅವರದೇ ಕಥೆಯಿಂದ ಗಿರೀಶ ಕಾಸರವಳ್ಳಿಯವರು ‘ಕೂರ್ಮಾವತಾರ’ವನ್ನು ನಿರ್ದೇಶಿಸಿದಾಗ, ಧಾರಾವಾಹಿಯಲ್ಲಿ ಗಾಂಧೀಜಿಯ ಪಾತ್ರ ವಹಿಸಬೇಕಾಗಿ ಬಂದ ಸಾಮಾನ್ಯ ಸರಕಾರಿ ನೌಕರನೊಬ್ಬನು ಆ ಪಾತ್ರದ ಭಾರವನ್ನು ತಾಳಲಾರದೆ ಕುಗ್ಗುವ ಬಗೆ, ಮಹಾತ್ಮರ ಚಿತಾಭಸ್ಮವಿರುವ ಸ್ಮಾರಕವನ್ನು ಊರ ನಡುವೆ ಕಾಪಾಡಿಕೊಂಡು ಬಂದಿರುವ ಕೂಡ್ಲಿಗಿಯಂಥ ಊರಿನವರಿಗೆ ವಿಶೇಷವಾಗಿ ನಾಟಬೇಕಾದದ್ದು.

ಈ ಪರಂಪರೆಯನ್ನು ನೆನೆದು ಈಚಿನ ದೊಡ್ಡ ಚಿತ್ರಗಳ ಕಡೆಗೆ ಬಂದರೆ ಮನಸ್ಸು ಮುದುಡುತ್ತದೆ. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದ ‘ಕೆ.ಜಿ.ಎಫ್.’ ಕನ್ನಡ ಚಿತ್ರೋದ್ಯಮದ ತಾಂತ್ರಿಕ ಸಾಮರ್ಥ್ಯವನ್ನು ದೇಶಕ್ಕೆಲ್ಲ ಸಾರಿತೆಂಬುದು ನಿಜ; ಆದರೆ ಗಣಿಯನ್ನೇ ರಂಗಸ್ಥಳವಾಗಿ ಉಳ್ಳ ಆ ಕಥೆಯಲ್ಲಿ ಗಣಿ ಕಾರ್ಮಿಕನೆಂಬವನು ನಾಯಕನ ಹಿಂದೆ ಮಸಿ ಬಳಿದು ನಿಲ್ಲಿಸಿದ ಜನಜಂಗುಳಿಯಷ್ಟೆ. ಸಂಡೂರಿನ ನೆರೆಯಲ್ಲೇ ಇದ್ದು ಅದಿರಿನ ಲಾರಿಗಳ ಕೆಂಧೂಳನ್ನು ಬಲ್ಲ ನಮ್ಮವರಿಗೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಒಂದೇ ದಿನದಲ್ಲಿ ಕೂಲಿ ಕಳೆದುಕೊಂಡವರ ಸಂಕಟವನ್ನು ಕಂಡ ನಮ್ಮವರಿಗೆ, ಆ ಜಂಗುಳಿಯೊಳಗಿನ ಒಂದು ಮುಖವಾದರೂ ಹೆಸರು ಪಡೆದು ಮಾತನಾಡಬಾರದಿತ್ತೆ ಎನ್ನಿಸುವುದು ಸಹಜ. 2023ರ ಕೊನೆಯಲ್ಲಿ ಬಂದ ‘ಕಾಟೇರ’ ಈ ದೃಷ್ಟಿಯಿಂದ ಮೇಲು: ಅದರ ನಾಯಕ ಕುಲುಮೆಯ ಮುಂದೆ ಕುಳಿತು ಕಬ್ಬಿಣ ಬಡಿಯುವವನು, ಅದರ ವಿಷಯ ಉಳುವವನಿಗೆ ಭೂಮಿ ಎಂಬ 1970ರ ದಶಕದ ಮಹಾ ಪರಿವರ್ತನೆ. ಗೇಣಿದಾರನ ಭಯವನ್ನೂ ಆಸೆಯನ್ನೂ ಅದು ನಿಜವಾಗಿ ಮುಟ್ಟಿತು. ಆದರೆ ಹಾಗೆ ಮುಟ್ಟಿದ್ದನ್ನು ರಕ್ತಪಾತದ ದೃಶ್ಯಗಳಲ್ಲಿ ತಾನೇ ತೊಳೆದುಹಾಕಿತು.

‘ಕಾಂತಾರ’ವನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು. 2022ರ ಸೆಪ್ಟೆಂಬರಿನ ಕೊನೆಯಲ್ಲಿ ಬಿಡುಗಡೆಯಾದ ಆ ಚಿತ್ರದ ಕಡೆಯ ಭಾಗದಲ್ಲಿ ರಿಷಬ್ ಶೆಟ್ಟಿಯವರ ಅಭಿನಯ ಆವೇಶದ ಶಿಖರವನ್ನು ಮುಟ್ಟಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೆ ಸಂದ ರಾಷ್ಟ್ರಪ್ರಶಸ್ತಿ ಯೋಗ್ಯವಾಗಿಯೇ ಸಂದಿದೆ. ಕಾಡು, ಭೂಮಿ, ದೈವ ಈ ಮೂರೂ ಒಂದೇ ಜನಸಮುದಾಯದ ನಿತ್ಯಜೀವನದಲ್ಲಿ ಹೆಣೆದುಕೊಂಡಿರುವುದನ್ನು ಅದು ತೋರಿಸಿತು; ಅದರ ನಾಯಿಕೆಗೆ ಮಾತ್ರ ಅರಣ್ಯ ಇಲಾಖೆಯ ಸಮವಸ್ತ್ರವನ್ನು ಕೊಟ್ಟು ಅಂತರಂಗವನ್ನು ಕೊಡದೆ ಹೋಯಿತು. 2025ರ ಅಕ್ಟೋಬರಿನಲ್ಲಿ ಬಂದ ‘ಕಾಂತಾರ: ಅಧ್ಯಾಯ 1’ ಕದಂಬರ ಕಾಲಕ್ಕೆ ಹಾರಿ, ಗಾತ್ರದಲ್ಲಿ ಮೊದಲನೆಯದನ್ನು ಮೀರಿಸಿ, ಆತ್ಮೀಯತೆಯಲ್ಲಿ ಅದಕ್ಕಿಂತ ಹಿಂದೆ ಉಳಿಯಿತು. ನನ್ನ ಆತಂಕ ಬೇರೊಂದು. ಇಂಥ ಯಶಸ್ಸನ್ನು ಕಂಡ ನಿರ್ಮಾಪಕರು ನಾಳೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೂ ಬಂದಾರು. ಅಲ್ಲಿಯ ಡೆಂಕನಮರಡಿಯಲ್ಲಿ ಭವಿಷ್ಯ ನುಡಿಯುವ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷೋಪಲಕ್ಷ ಜನ ಒಮ್ಮೆಲೇ ಉಸಿರು ಬಿಗಿಹಿಡಿಯುವ ಆ ಕ್ಷಣಕ್ಕಿಂತ ದೃಶ್ಯಯೋಗ್ಯವಾದುದು ಇನ್ನೇನಿದೆ? ಆದರೆ ಆ ಒಂದು ವಾಕ್ಯದ ಕಾರ್ಣಿಕಕ್ಕಾಗಿ ದೂರದಿಂದ ಬಂಡಿ ಹೂಡಿಕೊಂಡು ಬರುವ ರೈತನು ತನ್ನ ಹೊಲದ ಮಳೆಬೆಳೆಗಳ ಭವಿಷ್ಯವನ್ನು ಕೇಳಲು ಬರುತ್ತಾನೆ. ಕಂಬಳಿ ಹೊದ್ದು ಡಮರುಗ ಹಿಡಿದ ಗೊರವನಿಗೂ ಹೊಟ್ಟೆ, ಮನೆ, ಸಾಲ ಎಲ್ಲವೂ ಇವೆ. ಇವರನ್ನು ಬಿಟ್ಟು ಬಿಲ್ಲನ್ನಷ್ಟೆ ಚಿತ್ರೀಕರಿಸುವವರಿಗೆ ಮೈಲಾರ ಸಿಕ್ಕಲಾರದು.

‘ಕಾಂತಾರ’ದಂತೆ ಕರಾವಳಿಯಿಂದಲೇ ಬಂದ ‘ಸು ಫ್ರಮ್ ಸೋ’ ಚಿತ್ರಕ್ಕೆ ನಾನು ಪೂರ್ಣ ಮನಸ್ಸಿನಿಂದ ಮೆಚ್ಚಿಗೆ ಸಲ್ಲಿಸುತ್ತೇನೆ. 2025ರ ಜುಲೈಯಲ್ಲಿ ತೆರೆಕಂಡ, ಜೆ. ಪಿ. ತುಮಿನಾಡು ನಿರ್ದೇಶಿಸಿದ ಈ ಚಿತ್ರ ದೆವ್ವದ ವದಂತಿಯಿಂದ ನಗಿಸುತ್ತ ನಗಿಸುತ್ತ ಹೆಣ್ಣೊಬ್ಬಳ ಅಸಹಾಯ ಸ್ಥಿತಿಯ ಎದುರಿಗೆ ಇಡೀ ಊರನ್ನು ತಂದು ನಿಲ್ಲಿಸುತ್ತದೆ. ಅದರ ಬಲವೆಲ್ಲ ಅಲ್ಲಿಯ ರಂಗಭೂಮಿಯಲ್ಲಿ ಪಳಗಿದ ನಟವರ್ಗದಲ್ಲಿದೆ. ಹಾಗಾದರೆ, ಎಂ. ಪಿ. ಪ್ರಕಾಶರು ರಂಗಭಾರತಿ ಎಂಬ ರಂಗಸಂಸ್ಥೆಯನ್ನು ಕಟ್ಟಿ ಬೆಳೆಸಿದ ಹೂವಿನಹಡಗಲಿಯಲ್ಲಿ, ಬಯಲಾಟದ ಮೇಳಗಳೂ ಜಾತ್ರೆಯ ನಾಟಕ ಕಂಪನಿಗಳೂ ತಲೆಮಾರುಗಳ ಕಾಲ ಜನರನ್ನು ಬೆಳಗಿನವರೆಗೆ ಎಚ್ಚರವಿಟ್ಟ ಈ ನಾಡಿನಲ್ಲಿ, ನಟರಿಗೇನು ಬರವೆ? ನನ್ನ ಮಾನದಂಡಕ್ಕೆ ಸಲ್ಲುವ ಇನ್ನೆರಡು ಚಿತ್ರಗಳೂ ಇವೆ. ‘ಸಪ್ತಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗ, ಸ್ವಂತ ಸೂರಿನ ಆಸೆಗಾಗಿ ಧಣಿಯ ಮಗನ ಅಪರಾಧವನ್ನು ತಲೆಗೆ ಹೊತ್ತ ಕಾರು ಚಾಲಕನ ಕಥೆಯಾಗಿ, ಎರಡನೆಯ ಭಾಗಕ್ಕಿಂತ ಬಹಳ ಶ್ರೇಷ್ಠ. ‘ಶಾಖಾಹಾರಿ’ಯಲ್ಲಿ ಮಲೆನಾಡಿನ ಸಣ್ಣ ಹೋಟೆಲಿನ ಒಲೆಯ ಮುಂದೆ ನಿಂತ ರಂಗಾಯಣ ರಘು ಅವರನ್ನು ನೋಡುವುದೇ ಒಂದು ಶಿಕ್ಷಣ.

ಆದರೂ ಈ ಐದು ತಾಲ್ಲೂಕುಗಳ ಜೀವನಕ್ಕೆ ಅತ್ಯಂತ ಸಮೀಪವಾದವು 2024ರಲ್ಲಿ ಸದ್ದಿಲ್ಲದೆ ಬಂದುಹೋದ ಎರಡು ಚಿತ್ರಗಳು. ಉತ್ಸವ್ ಗೋನವಾರರ ‘ಫೋಟೋ’ದಲ್ಲಿ ರಾಯಚೂರು ಕಡೆಯ ಬಾಲಕನೊಬ್ಬನು ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಒಂದೇ ಆಸೆಯಿಂದ ಕೂಲಿಗೆ ಹೋದ ತಂದೆಯ ಬಳಿಗೆ ಬೆಂಗಳೂರಿಗೆ ಬಂದು, ಲಾಕ್‌ಡೌನಿನಲ್ಲಿ ಸಿಕ್ಕಿ, ತಂದೆಯೊಡನೆ ಊರ ಕಡೆಗೆ ನಡೆಯುತ್ತಾನೆ. ಕಾಫಿ ತೋಟಕ್ಕೂ ಕಬ್ಬಿನ ಕಟಾವಿಗೂ ಬೆಂಗಳೂರಿನ ಕಟ್ಟಡಗಳಿಗೂ ಪ್ರತಿ ವರ್ಷ ಜನರನ್ನು ಕಳುಹಿಸಿಕೊಡುವ ಹರಪನಹಳ್ಳಿ, ಕೂಡ್ಲಿಗಿಗಳ ತಾಂಡಾಗಳಲ್ಲಿ ಈ ನಡಿಗೆಯನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಇನ್ನೊಂದು, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’. ತುಂಗಭದ್ರೆಯ ಆಚೆ ದಡದ ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ, ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತ, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುತ್ತ, ಪುಡಿ ಮಾರುವ ಸರಪಳಿ ವ್ಯಾಪಾರಕ್ಕೆ ತನ್ನ ಉಳಿತಾಯವನ್ನೆಲ್ಲ ಸುರಿದು, ನೆಂಟರಿಷ್ಟರನ್ನೂ ಅದಕ್ಕೆ ಎಳೆಯುವ ಶಿವಮ್ಮನ ಪಾತ್ರದಲ್ಲಿ ಶರಣಮ್ಮ ಚೆಟ್ಟಿಯವರು ತೋರಿದ ಹಟ, ಜಾಣತನ ಮತ್ತು ದೈನ್ಯಗಳ ಮಿಶ್ರಣವನ್ನು ಈಚಿನ ಯಾವ ತಾರೆಯ ಅಭಿನಯದಲ್ಲಿಯೂ ನಾನು ಕಂಡಿಲ್ಲ. ಚಿತ್ರ ಅವಳನ್ನು ಮರುಕದ ವಸ್ತುವಾಗಿಸುವುದಿಲ್ಲ, ಅವಳ ತಪ್ಪನ್ನು ಮುಚ್ಚುವುದೂ ಇಲ್ಲ. ಬೇರೆ ಚಿತ್ರಗಳಲ್ಲಿ ನಗಿಸುವುದಕ್ಕೆಂದೇ ಕರೆತರುವ ಉತ್ತರದ ಆಡುಮಾತು ಇಲ್ಲಿ ಜಗಳಕ್ಕೂ ಲೆಕ್ಕಾಚಾರಕ್ಕೂ ಅಳುವಿಗೂ ಒದಗುವ ಪೂರ್ಣ ಭಾಷೆಯಾಗಿದೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಇದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ದೊರೆಯಿತು. ನನ್ನ ತೀರ್ಪಿನಲ್ಲಿ ಈ ದಶಕದ ಅತ್ಯುತ್ತಮ ಕನ್ನಡ ಚಿತ್ರ ಇದೇ.

ಬುಸಾನಿನ ಪ್ರೇಕ್ಷಕನಿಗೆ ದೊರೆತ ಶಿವಮ್ಮ ಹೊಳೆಯ ಈಚೆಯ ಹಗರಿಬೊಮ್ಮನಹಳ್ಳಿಯ ಬಿಸಿಯೂಟದ ಅಡುಗೆಯವರಿಗೆ ತೆರೆಯ ಮೇಲೆ ದೊರೆಯುವ ದಾರಿ ಯಾವುದು? ಇಂಥ ಚಿತ್ರಗಳ ಆಯುಷ್ಯ ನಗರಗಳ ಮಲ್ಟಿಪ್ಲೆಕ್ಸುಗಳಲ್ಲಿ ಒಂದೆರಡು ವಾರ. ಸಣ್ಣ ಊರಿನ ಟಾಕೀಸುಗಳಲ್ಲಿ ಎಷ್ಟೋ ಮುಚ್ಚಿವೆ, ಉಳಿದವು ದೊಡ್ಡ ನಟರ ಚಿತ್ರಗಳಿಂದಲೂ ತೆಲುಗಿನ ಡಬ್ಬಿಂಗ್ ಚಿತ್ರಗಳಿಂದಲೂ ಉಸಿರು ಹಿಡಿದಿವೆ. 1953ರವರೆಗೆ ಮದರಾಸಿಗೆ ಸೇರಿದ್ದ ಈ ಗಡಿಸೀಮೆಯಲ್ಲಿ ತೆಲುಗಿನ ಸಹವಾಸ ಹಳೆಯದು, ಅದರ ಮೇಲೆ ನನಗೆ ಅಸಮಾಧಾನವಿಲ್ಲ. ಕನ್ನಡದ ಒಳ್ಳೆಯ ಚಿತ್ರಗಳಿಗೆ ಜನರ ತೆರಿಗೆಯ ಹಣದಿಂದ ಸಹಾಯಧನ ಕೊಡುವ ಸರಕಾರವು, ಆ ಹಣ ಪಡೆದ ಚಿತ್ರಗಳನ್ನು ಪ್ರತಿ ತಾಲ್ಲೂಕು ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ಉಚಿತವಾಗಿ ತೋರಿಸಬೇಕೆಂಬ ಷರತ್ತನ್ನು ಏಕೆ ವಿಧಿಸಬಾರದು ಎಂಬುದಷ್ಟೆ ನನ್ನ ಪ್ರಶ್ನೆ. ಹಡಗಲಿಯ ರಂಗಕರ್ಮಿಗಳಿಗೆ ಸಭೆ ಕೂಡಿಸುವುದು ಹೊಸತಲ್ಲ, ಶಾಲೆಗಳ ಅಂಗಳಗಳಿವೆ, ನಾಡಿನ ಮೂಲೆಮೂಲೆಗಳಿಂದ ಪಾದಯಾತ್ರಿಗಳು ನಡೆದು ಬಂದು ಸೇರುವ ಕೊಟ್ಟೂರೇಶ್ವರನ ರಥೋತ್ಸವದ ದಿನಗಳಿವೆ. ಮುಂದಿನ ತೇರಿಗೆ ‘ಕೊಟ್ರೇಶಿ ಕನಸು’, ‘ಶಿವಮ್ಮ’ ಮತ್ತು ‘ಫೋಟೋ’ ಈ ಮೂರನ್ನು ಕೊಟ್ಟೂರಿನ ಬಯಲಿನಲ್ಲಿ ತೋರಿಸುವ ವ್ಯವಸ್ಥೆಯನ್ನು ಜಿಲ್ಲಾಡಳಿತವೂ ವಾರ್ತಾ ಇಲಾಖೆಯೂ ಕೂಡಿ ಮಾಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.