ಹೊರನಾಡಿನ ವ್ಯಾಸಂಗ ಯಾರ ಸೊತ್ತು?

ಹೊರದೇಶದ ವ್ಯಾಸಂಗವು ಸಿರಿವಂತರ ಮಕ್ಕಳ ಸೊತ್ತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವೈದ್ಯವನ್ನೋ ಯಂತ್ರಶಾಸ್ತ್ರವನ್ನೋ ಕಲಿಯಹೋದವನು ದುಡಿದು ಸಾಲ ತೀರಿಸಿಯಾನು. ಆದರೆ ಸಾರ್ವಜನಿಕ ಆಡಳಿತವನ್ನು ಓದಿ, ಹಳ್ಳಿಯ ನೀರು, ಶಾಲೆ, ಪಡಿತರಗಳ ಚಿಂತೆಗೆ ಮರಳುವವನ ಸಂಬಳ ಬಡ್ಡಿಗೂ ಸಾಲದು. ಆದುದರಿಂದ ಅವನಿಗೆ ಬೇಕಾದುದು ಸಾಲವಲ್ಲ, ವಿದ್ಯಾರ್ಥಿವೇತನ.

ನಿದರ್ಶನವನ್ನು ದೂರ ಹುಡುಕಬೇಕಿಲ್ಲ. 1913ರಲ್ಲಿ ಅಂಬೇಡ್ಕರರು ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿದ್ದು ಬರೋಡೆಯ ಸಯಾಜಿರಾವ್ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ಆ ವ್ಯಾಸಂಗದ ಫಲವನ್ನುಂಡದ್ದು ಇಡೀ ದೇಶ.

ಇಂದು ಪರಿಶಿಷ್ಟ ಜಾತಿ, ಅಲೆಮಾರಿ ಪಂಗಡ, ಭೂಹೀನ ಕೃಷಿಕಾರ್ಮಿಕರು ಮೊದಲಾದವರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. 2022ರ ನಿಯಮಾವಳಿಯಂತೆ ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ ಮಾತ್ರ. ಮೇಲಾಗಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜಗಳನ್ನು ಕುರಿತ ಸಂಶೋಧನೆಯನ್ನು ಅದೇ ನಿಯಮಾವಳಿ ಹೊರಗಿಟ್ಟಿತು. ಸ್ವದೇಶದ ವಿಷಯಕ್ಕೆ ಪರದೇಶವೇಕೆಂದು ಕೇಳುವವರುಂಟು. ಜಾತಿಯ ಹುಟ್ಟನ್ನು ಕುರಿತ ತಮ್ಮ ಪ್ರಬಂಧವನ್ನು ಅಂಬೇಡ್ಕರರು 1916ರಲ್ಲಿ ಓದಿದ್ದು ನ್ಯೂಯಾರ್ಕಿನಲ್ಲಿ ಎಂಬುದನ್ನು ಅವರು ನೆನೆಯಲಿ. ದೂರ ನಿಂತು ನೋಡಿದಾಗ ಮನೆಯ ಬಿರುಕು ಚೆನ್ನಾಗಿ ಕಾಣುತ್ತದೆ.

ಸ್ಥಾನಗಳು ಹೆಚ್ಚಬೇಕು, ಈ ನಿರ್ಬಂಧ ತೊಲಗಬೇಕು. ಇದು ಸರ್ಕಾರದ ಹೊಣೆ. ಆದರೆ ನಮ್ಮ ಕೈಯಲ್ಲಿಯೂ ಕೆಲಸವುಂಟು. ಇಂಥ ಪ್ರಕಟಣೆಗಳನ್ನು ಕಾಲಕ್ಕೆ ಸರಿಯಾಗಿ ಫಲಕದಲ್ಲಿ ಹಾಕಬಹುದು. ಅರ್ಜಿ, ಶಿಫಾರಸು ಪತ್ರ, ರಹದಾರಿಗಳ ವಿಷಯದಲ್ಲಿ ದಾರಿ ತೋರಲು ಅಧ್ಯಾಪಕರೊಬ್ಬರನ್ನು ನೇಮಿಸಬಹುದು. ಇಂಗ್ಲಿಷ್ ಪರೀಕ್ಷೆಯ ಶುಲ್ಕಕ್ಕೆ ಹಳೆಯ ವಿದ್ಯಾರ್ಥಿಗಳು ನಿಧಿಯೊಂದನ್ನು ಕೂಡಿಸಬಹುದು.

ಪಡಿತರದ ಸಾಲಿನಲ್ಲಿ ನಿಂತು ಬಲ್ಲವನೇ ಆಡಳಿತವನ್ನು ಓದಲಿ. ಅವನಿಗೆ ಬಾಗಿಲು ತೆರೆದರೆ ಲಾಭ ಅವನೊಬ್ಬನದಲ್ಲ, ನಾಡಿನದು.